ಮೇವಿನ ಲೆಕ್ಕ: ಹಸು ತಿಂದುದೆಷ್ಟು, ಕೊಟ್ಟುದೆಷ್ಟು?

ಸುಗ್ಗಿ ಮುಗಿದು ಕಣದಿಂದ ಹುಲ್ಲು ಮನೆಗೆ ಬಂದಾಗ ಪ್ರತಿಯೊಬ್ಬ ರೈತನ ಹಿತ್ತಲಿನಲ್ಲಿಯೂ ಬಣವೆಯು ಎತ್ತರವಾಗಿ ನಿಂತಿರುವುದು. ಫಾಲ್ಗುಣ ಚೈತ್ರ ಮಾಸಗಳು ಕಳೆಯುವಷ್ಟರಲ್ಲಿ ಅದು ಕರಗಿಹೋಗಿ, ಮುಂಗಾರು ಮಳೆ ಬಿದ್ದು ಹಸುರು ಚಿಗುರುವವರೆಗೆ ದನಕರುಗಳನ್ನು ಕಾಪಾಡುವ ಬಗೆ ಹೇಗೆಂಬ ಚಿಂತೆಯು ಮೊದಲಾಗುವುದು. ಆಗ ಅನುಕೂಲವುಳ್ಳವರು ದುಬಾರಿ ಬೆಲೆ ಕೊಟ್ಟು ಹುಲ್ಲನ್ನು ಕೊಳ್ಳುವರು. ಶಕ್ತಿಯಿಲ್ಲದವರು ಕರೆಯುವ ಹಸುವನ್ನೇ ಸಂತೆಗೆ ಹೊಡೆಯುವರು. ಇದಕ್ಕೆಲ್ಲ ಮಳೆಯ ಅಭಾವವೇ ಕಾರಣವೆಂದು ಹೇಳುವುದು ವಾಡಿಕೆ. ಆದರೆ ಕೊಟ್ಟಿಗೆಯೊಳಗೇ ಆಗುವ ನಷ್ಟವನ್ನು ತೂಗಿ ನೋಡಿದವರು ವಿರಳ.

ಒಂದು ಹಸುವಿಗೆ ದಿನಕ್ಕೆ ೬ ಕಿಲೋಗ್ರಾಂ ಹುಲ್ಲನ್ನು ಹಾಕುವೆವೆಂದು ಇಟ್ಟುಕೊಳ್ಳೋಣ. ಅದನ್ನು ಕತ್ತರಿಸದೆ ನೆಲದ ಮೇಲೆ ಹರಡಿದ್ದರಿಂದ ನಾಲ್ಕರಲ್ಲಿ ಒಂದು ಪಾಲು ಗಂಜಲ ಸಗಣಿಗಳಲ್ಲಿ ತುಳಿತಕ್ಕೆ ಸಿಕ್ಕಿ ಹಾಳಾದರೆ, ದಿನಕ್ಕೆ ಒಂದೂವರೆ ಕಿಲೋಗ್ರಾಂ, ವರ್ಷಕ್ಕೆ ಸುಮಾರು ೫೫೦ ಕಿಲೋಗ್ರಾಂ ನಷ್ಟವಾಯಿತು. ಇದು ಅದೇ ಹಸುವಿನ ಮೂರು ತಿಂಗಳ ಮೇವು. ಬೇಸಗೆಯಲ್ಲಿ ನಮಗೆ ಸಾಲದೆ ಬರುವುದೂ ಹೆಚ್ಚುಕಡಮೆ ಇಷ್ಟೇ ಅಲ್ಲವೆ?

ಹಾಲಿನ ಉತ್ಪತ್ತಿಗೆ ತಗಲುವ ವೆಚ್ಚದಲ್ಲಿ ಮೇವು ಹಿಂಡಿಗಳ ಪಾಲೇ ಅತ್ಯಧಿಕವಾದುದು. ಆದುದರಿಂದ ಹಸುವು ಎಷ್ಟು ಹಾಲು ಕೊಡುವುದೆಂದು ಕೇಳಿದರೆ ಸಾಲದು. ಎಷ್ಟು ತಿಂದು ಅಷ್ಟು ಹಾಲು ಕೊಡುವುದೆಂದು ಕೇಳಬೇಕು. ತಿಂದ ಮೇವಿಗೂ ಕೊಟ್ಟ ಹಾಲಿಗೂ ಇರುವ ಈ ಪ್ರಮಾಣವನ್ನೇ ಮೇವಿನ ದಕ್ಷತೆಯೆಂದು ಕರೆಯುವರು. ಮೇವನ್ನು ಪೃಥಕ್ಕರಿಸಿ ಅದರ ಗುಣವನ್ನು ಅಳೆಯುವ ಕ್ರಮವು ಹೊಸದಲ್ಲ. ಜರ್ಮನಿ ದೇಶದ ವೇಂಡೆ ಎಂಬಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ಎಂಬ ಪಂಡಿತರು ೧೮೬೦ರ ದಶಕದಲ್ಲಿಯೇ ಅದಕ್ಕೆ ಅಡಿಪಾಯ ಹಾಕಿದರು. ಆದರೆ ನಮ್ಮ ಕೊಟ್ಟಿಗೆಯ ಲೆಕ್ಕಕ್ಕೆ ಪ್ರಯೋಗಶಾಲೆಯು ಬೇಕಾಗಿಲ್ಲ; ಒಂದು ತಕ್ಕಡಿ, ಒಂದು ಅಳತೆಯ ಪಟ್ಟಿ, ಒಂದು ಪುಸ್ತಕ ಇವಿಷ್ಟು ಸಾಕು.

ಅಳೆಯುವ ಕ್ರಮ

ಏಳು ದಿನಗಳವರೆಗೆ ಪ್ರತಿ ಹಸುವಿಗೂ ಹಾಕಿದ ಹುಲ್ಲು, ಹಸಿಮೇವು, ಹಿಂಡಿಬೂಸಗಳನ್ನು ಬೇರೆಬೇರೆಯಾಗಿ ತೂಗಿ ಬರೆಯತಕ್ಕದ್ದು. ಮರುದಿನ ಬೆಳಿಗ್ಗೆ ಗೋದಲಿಯಲ್ಲಿ ಉಳಿದುದನ್ನೂ ಕೆಳಗೆ ಬಿದ್ದುದನ್ನೂ ತೂಗಿ ಕಳೆಯತಕ್ಕದ್ದು. ಎರಡು ಹೊತ್ತಿನ ಹಾಲನ್ನೂ ತೂಗಬೇಕು. ಒಂದು ದಿನದ ಲೆಕ್ಕವನ್ನು ನಂಬಬಾರದು. ಏಳು ದಿನಗಳ ಸರಾಸರಿಯನ್ನು ತೆಗೆಯಬೇಕು.

ಹಸಿಮೇವಿನ ತೂಕದಲ್ಲಿ ಬಹುಪಾಲು ನೀರೇ ಇರುವುದರಿಂದ ಎಲ್ಲವನ್ನೂ ಒಣಪದಾರ್ಥದ ಲೆಕ್ಕಕ್ಕೆ ತಂದುಕೊಳ್ಳಬೇಕು. ಒಣಹುಲ್ಲು ಮತ್ತು ಹಿಂಡಿಬೂಸಗಳಲ್ಲಿ ನೂರಕ್ಕೆ ಸುಮಾರು ೯೦ ಪಾಲು, ಎಳೆಯದಾದ ಹಸಿಮೇವಿನಲ್ಲಿ ಸುಮಾರು ೨೦ ಪಾಲು ಒಣಪದಾರ್ಥವಿರುವುದು.

ಹಸುವಿನ ತೂಕವನ್ನು ಪಟ್ಟಿಯಿಂದ ಅಂದಾಜು ಮಾಡಬಹುದು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗೆ ಉದ್ದವನ್ನೂ ಇಂಚುಗಳಲ್ಲಿ ಅಳೆದು, ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, ೬೬೦ರಿಂದ ಭಾಗಿಸಿದರೆ ತೂಕವು ಕಿಲೋಗ್ರಾಂಗಳಲ್ಲಿ ಬರುವುದು. ಸುತ್ತಳತೆ ೬೬, ಉದ್ದ ೫೬ ಇಂಚುಗಳಾದರೆ ತೂಕವು ಸುಮಾರು ೩೭೦ ಕಿಲೋಗ್ರಾಂ. ಕರೆಯುವ ಹಸುವು ಸಾಧಾರಣವಾಗಿ ತನ್ನ ತೂಕದ ನೂರಕ್ಕೆ ಎರಡೂವರೆಯಿಂದ ಮೂರು ಪಾಲಿನಷ್ಟು ಒಣಪದಾರ್ಥವನ್ನು ತಿನ್ನುವುದು.

ಒಂದು ಉದಾಹರಣೆ

ಇಂತಹ ಎರಡು ಹಸುಗಳು ಒಂದೇ ಕೊಟ್ಟಿಗೆಯಲ್ಲಿವೆಯೆಂದು ಭಾವಿಸೋಣ. ಎರಡೂ ದಿನಕ್ಕೆ ೫ ಕಿಲೋಗ್ರಾಂ ಒಣಹುಲ್ಲು, ೧೫ ಕಿಲೋಗ್ರಾಂ ಹಸಿಮೇವು, ೪ ಕಿಲೋಗ್ರಾಂ ಹಿಂಡಿಬೂಸ ತಿನ್ನುವುವು. ಒಣಪದಾರ್ಥವು ಕ್ರಮವಾಗಿ ೪.೫, ೩ ಮತ್ತು ೩.೬, ಒಟ್ಟು ೧೧.೧ ಕಿಲೋಗ್ರಾಂ. ಮೊದಲನೆಯದು ೧೦ ಕಿಲೋಗ್ರಾಂ ಹಾಲು ಕೊಟ್ಟರೆ ಒಂದು ಕಿಲೋಗ್ರಾಂ ಒಣಪದಾರ್ಥಕ್ಕೆ ೦.೯೦ ಕಿಲೋಗ್ರಾಂ ಹಾಲಾಯಿತು. ಎರಡನೆಯದು ೭ ಕಿಲೋಗ್ರಾಂ ಕೊಟ್ಟರೆ ೦.೬೩ ಮಾತ್ರ. ಹಸುವು ತಿಂದುದರಲ್ಲಿ ಮೊದಲ ಪಾಲು ಅದರ ಶರೀರಪೋಷಣೆಗೇ ಸಲ್ಲುವುದು. ಮಿಕ್ಕುದು ಮಾತ್ರ ಹಾಲಾಗುವುದು. ತಲಾ ೫ ಕಿಲೋಗ್ರಾಂ ಕೊಡುವ ಎರಡು ಹಸುಗಳಿಗಿಂತ ೧೦ ಕಿಲೋಗ್ರಾಂ ಕೊಡುವ ಒಂದೇ ಹಸುವು ಲಾಭಕರವೆನ್ನುವುದು ಇದರಿಂದಲೇ.

ಆದರೆ ಈ ಅಂಕಿಗಳನ್ನು ನೋಡಿದೊಡನೆ ಎರಡನೆಯ ಹಸುವನ್ನು ಮಾರಲು ಹೊರಡುವುದು ಆತುರವೆನಿಸುವುದು. ಅದು ಕರು ಹಾಕಿ ಎಷ್ಟು ತಿಂಗಳಾಯಿತು? ಈಗ ಗಬ್ಬವೆ? ಮೈಗೂಡುತ್ತಿದೆಯೆ? ಕೆಚ್ಚಲಿನಲ್ಲಿ ಬಾವು, ಹೊಟ್ಟೆಯಲ್ಲಿ ಹುಳು ಇವೆಯೆ? ಹಾಲಿನಲ್ಲಿ ಜಿಡ್ಡಿನ ಅಂಶ ಎಷ್ಟು? ಇವನ್ನು ವಿಚಾರಿಸಬೇಕು. ಹೊಸದಾಗಿ ಕರು ಹಾಕಿದ ಹಸುವು ತನ್ನ ಮೈಯನ್ನೇ ಕರಗಿಸಿ ಹಾಲು ಕೊಡುತ್ತಿರಬಹುದು. ಅದರ ಅಂಕಿಯು ಹೆಚ್ಚೆಂದು ಹಿಗ್ಗತಕ್ಕದ್ದಲ್ಲ. ಒಂದೇ ಹಂತದಲ್ಲಿರುವ ಹಸುಗಳನ್ನು ಮಾತ್ರ ಹೋಲಿಸತಕ್ಕದ್ದು.

ಸುಧಾರಣೆಯ ಮಾರ್ಗಗಳು

ಮೊದಲನೆಯದಾಗಿ, ಹುಲ್ಲನ್ನು ಒಂದೆರಡು ಇಂಚುಗಳಿಗೆ ಕತ್ತರಿಸಿ ಗೋದಲಿಯಲ್ಲಿಯೇ ಹಾಕಬೇಕು.

ಎರಡನೆಯದಾಗಿ, ಹಿಂಡಿಬೂಸವನ್ನು ಹಾಲಿನ ತೂಕಕ್ಕೆ ತಕ್ಕಂತೆ ಕೊಡಬೇಕು. ಶರೀರಪೋಷಣೆಗೆ ಒಳ್ಳೆಯ ಮೇವು ಸಾಕಷ್ಟಿದ್ದರೆ, ಎರಡೂವರೆ ಕಿಲೋಗ್ರಾಂ ಹಾಲಿಗೆ ಒಂದು ಕಿಲೋಗ್ರಾಂ ಸಮತೋಲನದ ಹಿಂಡಿಬೂಸದ ಮಿಶ್ರಣ ಸಾಕು. ಮೇಲಿನ ಎರಡನೆಯ ಹಸುವಿಗೆ ಈ ಲೆಕ್ಕದಂತೆ ೨.೮ ಕಿಲೋಗ್ರಾಂ ಸಾಕಾಗಿರಲು ನಾವು ೪ ಕಿಲೋಗ್ರಾಂ ಹಾಕುತ್ತಿದ್ದೆವು. ಆದರೆ ತುಂಬುಗಬ್ಬದ ಹಸುವಿಗೆ ಮಾತ್ರ ಕಡಮೆ ಮಾಡಕೂಡದು. ಯಾವ ಬದಲಾವಣೆಯನ್ನಾದರೂ ಒಂದೆರಡು ವಾರಗಳಲ್ಲಿ ಮೆಲ್ಲಮೆಲ್ಲನೆ ಮಾಡಬೇಕು.

ಮೂರನೆಯದಾಗಿ, ದಿನವೂ ೫೦ರಿಂದ ೧೦೦ ಗ್ರಾಂ ಖನಿಜ ಮಿಶ್ರಣವನ್ನು ಕೊಡಬೇಕು. ಶುದ್ಧವಾದ ನೀರು ಸದಾ ಎಟುಕುವಂತಿರಬೇಕು. ನೀರು ಸಾಲದಿದ್ದರೆ ಹಸುವು ಮೇವನ್ನೂ ಬಿಡುವುದು.

ನಾಲ್ಕನೆಯದಾಗಿ, ಭತ್ತದ ಹುಲ್ಲು ರಾಗಿಯ ಹುಲ್ಲಿಗಿಂತ ಸತ್ವದಲ್ಲಿ ಕಡಮೆಯಾದುದು. ಅದನ್ನೇ ನೆಚ್ಚಿರುವ ಸೀಮೆಗಳಲ್ಲಿ ೧೦೦ ಕಿಲೋಗ್ರಾಂ ಹುಲ್ಲಿಗೆ ೪ ಕಿಲೋಗ್ರಾಂ ಯೂರಿಯಾವನ್ನು ೪೦-೫೦ ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಹುಲ್ಲು ಮೃದುವಾಗಿ ಹೆಚ್ಚು ಜೀರ್ಣವಾಗುವುದು. ಹಾಕುವ ಮೊದಲು ಹರಡಿ ಘಾಟನ್ನು ಆರಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಕೂಡದು. ಯೂರಿಯಾ ನೀರು ದನಗಳ ಬಾಯಿಗೆ ಬಿದ್ದರೆ ಪ್ರಾಣಾಪಾಯವುಂಟು. ಮೊದಲ ಸಲ ಪಶುವೈದ್ಯರ ಸಮಕ್ಷಮದಲ್ಲಿಯೇ ಮಾಡುವುದು ಲೇಸು.

ಐದನೆಯದಾಗಿ, ಬತ್ತಿದ ಹಸುವೂ ತಿನ್ನುವುದೆಂಬುದನ್ನು ಮರೆಯಬಾರದು. ಸಕಾಲದಲ್ಲಿ ಗಬ್ಬ ಕಟ್ಟದೆ ಕಳೆದ ಪ್ರತಿಯೊಂದು ತಿಂಗಳ ಮೇವೂ ಹಾಲಿನ ಲೆಕ್ಕಕ್ಕೆ ಖರ್ಚಾಗಿಯೇ ಬೀಳುವುದು.

ಗ್ರಾಮದ ಮುಖಂಡರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಎರಡು ಹಸುಗಳುಳ್ಳ ಬಡ ಒಕ್ಕಲಿಗೆ ತೂಗುವ ತಕ್ಕಡಿಯಾಗಲಿ ಮೇವು ಕತ್ತರಿಸುವ ಯಂತ್ರವಾಗಲಿ ಇರಲಾರದು. ಊರಿಗೆ ಒಂದೊಂದನ್ನು ಒದಗಿಸಿ ಸರದಿಯಂತೆ ಎಲ್ಲರ ಉಪಯೋಗಕ್ಕೂ ಬಿಡುವುದು ತಮ್ಮಂತಹವರಿಗೆ ಅಸಾಧ್ಯವಲ್ಲ. ಮೊದಲು ತಮ್ಮ ಕೊಟ್ಟಿಗೆಯಲ್ಲಿಯೇ ಏಳು ದಿನ ತೂಗಿ, ಬಂದ ಲೆಕ್ಕವನ್ನು ನಾಲ್ವರ ಮುಂದೆ ಓದಿ ಹೇಳಿದರೆ ಅದೇ ಉತ್ತಮವಾದ ಉಪದೇಶ. ಬಣವೆಯು ತುಂಬಿರುವಾಗಲೇ ಈ ಕೆಲಸವನ್ನು ಆರಂಭಿಸಬೇಕು. ಅದು ಕರಗಿದ ಮೇಲೆ ತೂಗುವುದಕ್ಕೆ ಏನೂ ಉಳಿದಿರುವುದಿಲ್ಲ.