ಕಣ್ಣು ಸರಿಯಿದೆ, ಆದರೂ ಕಾಣುತ್ತಿಲ್ಲ

ಪರೀಕ್ಷೆ ಹತ್ತಿರವಾದಂತೆ ಮಗಳು ‘ಅಕ್ಷರ ಕಾಣುತ್ತಿಲ್ಲ’ ಎನ್ನುತ್ತಾಳೆ. ವೈದ್ಯರು ಪರೀಕ್ಷಿಸಿ ಕಣ್ಣಿನಲ್ಲಿ ದೋಷವಿಲ್ಲ ಎನ್ನುತ್ತಾರೆ. ಆಗ ಮನೆಯಲ್ಲಿ ಒಬ್ಬರು ‘ನಾಟಕ’ ಎಂದರೆ, ಇನ್ನೊಬ್ಬರು ‘ಅಸರ್ ಆಗಿದೆ’ ಎನ್ನುತ್ತಾರೆ. ಎರಡೂ ಅಲ್ಲದ ಮೂರನೆಯ ಕಾರಣವೊಂದಿದೆ.

ಕಣ್ಣು ಬೆಳಕನ್ನು ಹಿಡಿಯುತ್ತದೆ. ಅದನ್ನು ನೋಟವಾಗಿಸುವುದು ಮೆದುಳು. ತೀವ್ರ ಭಯ, ಆಘಾತ, ಹೇಳಿಕೊಳ್ಳಲಾಗದ ದುಃಖವಿದ್ದಾಗ ಕೆಲವರಲ್ಲಿ ಕಣ್ಣಿನ ಸಂದೇಶ ಅರಿವಿಗೆ ತಲುಪುವುದಿಲ್ಲ. ರೋಗಿ ಇದನ್ನು ಬೇಕೆಂದು ಮಾಡುವುದಿಲ್ಲ.

ಜರ್ಮನಿಯ ಸಂಶೋಧಕರಾದ ಸ್ಟ್ರಾಸ್‌ಬರ್ಗರ್ ಮತ್ತು ವಾಲ್ಡ್‌ಫೋಗೆಲ್ 2015ರಲ್ಲಿ ಒಬ್ಬ ಮಹಿಳೆಯ ವಿವರ ಪ್ರಕಟಿಸಿದರು. ಅಪಘಾತದ ಬಳಿಕ ದೃಷ್ಟಿ ಕಳೆದುಕೊಂಡಿದ್ದ ಆಕೆಗೆ ಬಹುವ್ಯಕ್ತಿತ್ವದ ಕಾಯಿಲೆಯೂ ಇತ್ತು. ದಶಕಕ್ಕೂ ಹೆಚ್ಚು ಕಾಲದ ನಂತರ, ಮಾನಸಿಕ ಚಿಕಿತ್ಸೆಯ ವೇಳೆ, ಕೆಲವು ವ್ಯಕ್ತಿತ್ವಗಳಲ್ಲಿ ನೋಟ ಮರಳಿತು. ಕಾಣುವ ಸ್ಥಿತಿಯಲ್ಲಿ ಚಿತ್ರ ತೋರಿಸಿದಾಗ ಮೆದುಳಿನ ವಿದ್ಯುತ್ ಅಲೆ ದಾಖಲಾಯಿತು. ಕಾಣದ ಸ್ಥಿತಿಯಲ್ಲಿ ಅದೇ ಅಲೆ ಸಿಗಲಿಲ್ಲ. ಇದು ಅಪರೂಪದ ಪ್ರಕರಣ. ಇಂಥ ಹೆಚ್ಚಿನ ರೋಗಿಗಳಲ್ಲಿ ಆ ಅಲೆ ಸರಿಯಾಗಿಯೇ ಬರುತ್ತದೆ. ತೊಡಕು ಅದರ ಮುಂದಿನ ಹಂತದಲ್ಲಿರುತ್ತದೆ.

ಆದರೆ ‘ಮನಸ್ಸಿನ ಕಾಯಿಲೆ’ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಹಠಾತ್ತಾಗಿ ನೋಟ ಕಡಿಮೆಯಾದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಸುರ್ಮಾ, ಅರ್ಕೆ ಗುಲಾಬ್ ಹಾಕುತ್ತಾ ಕಾಯಬೇಡಿ. ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಮಾತು ತೊದಲುವುದು, ಕೈಕಾಲು ಸೋಲುವುದು, ತೀವ್ರ ತಲೆನೋವು ಜೊತೆಗಿದ್ದರೆ ಸಾವಳಗಿಯಂಥ ಊರಿನವರು ತಡಮಾಡದೆ ವಿಜಯಪುರದಂಥ ನಗರದ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಕಣ್ಣು, ನರ, ಮೆದುಳಿನ ರೋಗವಿಲ್ಲವೆಂದು ಖಚಿತವಾದ ಮೇಲೆ ಮನಸ್ಸಿನ ಕಡೆ ನೋಡಬೇಕು. ಯುನಾನಿ ಪದ್ಧತಿಯ ‘ಅಸ್ಬಾಬೆ ಸಿತ್ತಾ ಜರೂರಿಯಾ’, ಅಂದರೆ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಲ್ಲಿ, ಗಾಳಿ, ಆಹಾರ, ನಿದ್ರೆಗಳ ಸಾಲಿನಲ್ಲೇ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯನ್ನೂ ಇಡಲಾಗಿದೆ.

ಮನೆಯವರು ಹೀಗೆ ಮಾಡಿ:

• ಗದರಿಸಬೇಡಿ, ಸುಳ್ಳು ಹಿಡಿಯಲೆಂದು ಪರೀಕ್ಷಿಸಬೇಡಿ.

• ‘ನಿನ್ನ ಕಣ್ಣು ಆರೋಗ್ಯವಾಗಿದೆ, ನೋಟ ಮರಳಬಹುದು’ ಎಂದು ಧೈರ್ಯ ಹೇಳಿ. ಮಕ್ಕಳಲ್ಲಿ ಅನೇಕರು ಇಂಥ ಭರವಸೆಯಿಂದಲೇ ಚೇತರಿಸಿಕೊಳ್ಳುತ್ತಾರೆ.

• ಶಾಲೆಯಲ್ಲಿ ಹೆದರಿಕೆಯೇ, ಯಾರಾದರೂ ಹಿಂಸಿಸುತ್ತಿದ್ದಾರೆಯೇ ಎಂದು ಏಕಾಂತದಲ್ಲಿ ಕೇಳಿ. ಸೊಸೆಯಾದರೆ ಅತ್ತೆಮನೆಯವರ ಎದುರು ಕೇಳಬೇಡಿ.

• ದುಆ ಮಾಡಿ, ಜೊತೆಗೆ ಚಿಕಿತ್ಸೆಯನ್ನೂ ಕೊಡಿಸಿ. ಆಮಿಲರ ಬಳಿ ಅಲೆದು ತಿಂಗಳು ಕಳೆಯಬೇಡಿ.

ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕಾಣುತ್ತಿಲ್ಲ ಎನ್ನುವವರ ಮಾತನ್ನು ಮೊದಲು ನಂಬಿ. ಚಿಕಿತ್ಸೆ ಆರಂಭವಾಗುವುದೇ ಅಲ್ಲಿಂದ.