ಮನಸ್ಸಿನ ಮಾತಿಗೂ ಬೇಕು ಒಂದು ಕಿವಿ

ಉಣಕಲ್ ಕ್ರಾಸ್‌ನಲ್ಲಿ ಚಿಗರಿ ಬಸ್ ಹತ್ತಿದರೆ ಧಾರವಾಡ ದೂರವೇನಲ್ಲ. ಆದರೆ ಮನಸ್ಸಿಗೆ ತೊಂದರೆಯಾದಾಗ ಅಲ್ಲಿಯ ಆಸ್ಪತ್ರೆಯ ಹೆಸರೆತ್ತಿದರೆ ಸಾಕು, ‘ನಮ್ಮ ಹುಡುಗಗೇನು ಹುಚ್ಚು ಹಿಡಿದಿಲ್ಲರೀ’ ಎಂಬ ಉತ್ತರ ಸಿದ್ಧ. ಜ್ವರ ಬಂದರೆ ವೈದ್ಯರ ಬಳಿ ಓಡುವ ಪಾಲಕರು, ಮಗ ಊಟ ಬಿಟ್ಟು, ನಿದ್ದೆಗೆಟ್ಟು, ಪುಸ್ತಕದ ಮುಂದೆ ಸುಮ್ಮನೆ ಕುಳಿತರೆ ‘ಸೋಮಾರಿ’ ಎನ್ನುವುದೇಕೆ?

ಈ ಅಂಜಿಕೆಗೆ ಇತಿಹಾಸವಿದೆ. 1845ರಲ್ಲಿ ಬ್ರಿಟಿಷರ ಆಡಳಿತದಲ್ಲಿ ಧಾರವಾಡದಲ್ಲಿ ಆರಂಭವಾದದ್ದು ಮನೋರೋಗಿಗಳನ್ನು ಇರಿಸುವ ಆಶ್ರಯಾಲಯ. ಜನರ ಬಾಯಲ್ಲಿ ಅದು ‘ಹುಚ್ಚರ ಆಸ್ಪತ್ರೆ’ಯಾಯಿತು. ಅದೇ ಇಂದಿನ ‘ಡಿಮ್ಹಾನ್ಸ್’. ಈಗ ಅಲ್ಲಿ ಚಿಕಿತ್ಸೆಯ ಜೊತೆಗೆ ಮನೋವೈದ್ಯರಿಗೆ, ಮನಶ್ಶಾಸ್ತ್ರಜ್ಞರಿಗೆ ತರಬೇತಿಯೂ ನಡೆಯುತ್ತದೆ.

ಬೆಳೆದು ಬಂದ ದಾರಿ

ಆಪ್ತಸಲಹೆ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ತರುಣರಿಗೆ ಉದ್ಯೋಗ ಆಯ್ದುಕೊಳ್ಳಲು ನೆರವಾಗುವ ಕೇಂದ್ರ ತೆರೆದರು. ಕರ್ನಾಟಕದಲ್ಲಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಆರಂಭವಾಯಿತು. ಮುಂದೆ ಮೈಸೂರಿಗೆ ಆಕಾಶವಾಣಿ ತಂದವರೂ ಅವರೇ. 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಅದು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಡಾ. ಸಿ.ಆರ್. ಚಂದ್ರಶೇಖರ್ ಅವರ ಸರಳ ಕನ್ನಡದ ಪುಸ್ತಕಗಳು ಈ ವಿಷಯವನ್ನು ಮನೆಮನೆಗೆ ಮುಟ್ಟಿಸಿದವು.

ಅಲ್ಲಿ ನಡೆಯುವುದೇನು?

ಪರೀಕ್ಷೆಯ ದಿನ ಎದೆ ಡವಗುಟ್ಟುವುದು, ಅಂಗೈ ಬೆವರುವುದು ಹೇಡಿತನವಲ್ಲ. ಅಪಾಯ ಎದುರಾದಾಗ ದೇಹವನ್ನು ಸಜ್ಜುಗೊಳಿಸುವ ಸಹಜ ಏರ್ಪಾಡು ಅದು; ಅಡ್ರಿನಲಿನ್ ಹಾರ್ಮೋನಿನ ಪಾತ್ರ ಅದರಲ್ಲಿ ದೊಡ್ಡದು. ಭಯ ತಿಂಗಳುಗಟ್ಟಲೆ ಉಳಿದರೆ ಮಾತ್ರ ನಿದ್ದೆ, ಹಸಿವು, ನೆನಪು ಎಲ್ಲಕ್ಕೂ ಪೆಟ್ಟು. ಆಪ್ತಸಲಹಾಗಾರರು ಉಪದೇಶ ಮಾಡುವುದಿಲ್ಲ, ಮೊದಲು ಕೇಳಿಸಿಕೊಳ್ಳುತ್ತಾರೆ. ಗುಟ್ಟು ಕಾಯುತ್ತಾರೆ, ಜೀವಕ್ಕೆ ಅಪಾಯವಿದ್ದರೆ ಮಾತ್ರ ಮನೆಯವರಿಗೆ ತಿಳಿಸುತ್ತಾರೆ. ಬೆಟ್ಟದಂತೆ ಕಂಡ ಸಮಸ್ಯೆಯನ್ನು ಬಿಡಿಬಿಡಿಯಾಗಿ ನೋಡಲು ಕಲಿಸುತ್ತಾರೆ. ಅವರು ಔಷಧ ಕೊಡುವುದಿಲ್ಲ. ಬೇಕಾದರೆ ಮನೋವೈದ್ಯರಲ್ಲಿಗೆ ಕಳಿಸುತ್ತಾರೆ. ಬೋರ್ಡು ಹಾಕಿದವರೆಲ್ಲ ತಜ್ಞರಲ್ಲ, ವಿದ್ಯಾರ್ಹತೆ ವಿಚಾರಿಸಿಯೇ ಹೋಗಬೇಕು.

ಪಾಲಕರ ಪಾಲು

ಪಕ್ಕದ ಮನೆಯ ಹುಡುಗಿಯ ಅಂಕದೊಂದಿಗೆ ಹೋಲಿಸುವುದನ್ನು ಮೊದಲು ನಿಲ್ಲಿಸಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿಗೆ 2024ರಿಂದ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂದಿತು. ಒಂದು ಫಲಿತಾಂಶಕ್ಕೆ ಬಾಳು ಮುಗಿಯದು. ಆದರೆ ‘ಬದುಕಿ ಏನು ಮಾಡಲಿ’ ಎಂಬ ಮಾತು ಮಗುವಿನ ಬಾಯಿಂದ ಬಂದರೆ ನಾಟಕವೆಂದು ತಳ್ಳಿಹಾಕಬಾರದು. ಮಗುವನ್ನು ಒಂಟಿಯಾಗಿ ಬಿಡದೆ, ಗದರದೆ, ಕೂಡಲೇ ನೆರವು ಪಡೆಯಬೇಕು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದವರನ್ನು ಸುಡುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಆ ಬೆಂಕಿಗೆ ಮೊದಲ ನೀರು ಮನೆಯಲ್ಲೇ ಇದೆ. ಇಂದು ಸಂಜೆ ‘ಎಷ್ಟು ಓದಿದೆ?’ ಎನ್ನುವ ಬದಲು ‘ಹೆಂಗಿದ್ದೀಯಪ್ಪಾ?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕಾಯ್ದರೆ ಸಾಕು.