ಅಳಿವೆಗೆ ದೋಣಿ ಇಳಿಸೋ ಮುಂಚೆ ಇಂಜಿನ್ ನೋಡಿಕೊಳ್ಳಿ

ಇವತ್ತು ಔಟ್‌ಬೋರ್ಡ್ ಇಂಜಿನ್ ಕಟ್ಟಿದ ಸಣ್ಣ ದೋಣಿ ಬಗ್ಗೆ ಮಾತಾಡೋಣ. ಹೊನ್ನಾವರದ ಶರಾವತಿ ಅಳಿವೆ, ಕುಂದಾಪುರ ಪಕ್ಕದ ಗಂಗೊಳ್ಳಿ ಅಳಿವೆ, ಇಂಥ ಕಡೆ ನೀರು ಉಪ್ಪು, ಹಲವು ಕಡೆ ಆಳವೂ ಕಡಿಮೆ. ಎರಡೂ ಸೇರಿದರೆ ಮೊದಲ ಏಟು ಇಂಜಿನ್ನಿಗೆ. ಇಳಿತದ ಹೊತ್ತಲ್ಲಿ ಅಳಿವೆ ಬಾಯಲ್ಲಿ ಅದು ನಿಂತುಹೋದರೆ, ಸೆಳೆತ ದೋಣಿಯನ್ನ ಕಡಲಿಗೆ ಎಳೆದುಕೊಂಡು ಹೋಗುತ್ತೆ. ಹಾಗಾಗಿ ತಯಾರಿ ದಡದಲ್ಲೇ ಮುಗಿಯಬೇಕು.

ಈ ಇಂಜಿನ್ನುಗಳಲ್ಲಿ ಹೆಚ್ಚಿನವು ತಣ್ಣಗಿರೋದು ಹೊರಗಿನ ನೀರಿಂದ. ಕೆಳಗಿನ ಜಾಲರಿಯಿಂದ ಒಳಬಂದ ನೀರನ್ನ ಇಂಪೆಲ್ಲರ್ ಅನ್ನೋ ರಬ್ಬರ್ ಚಕ್ರ ಮೇಲಕ್ಕೆ ತಳ್ಳುತ್ತೆ. ಅದು ಕೆಲಸ ಮಾಡ್ತಿದೆ ಅನ್ನೋದಕ್ಕೆ ಗುರುತು, ಇಂಜಿನ್ನಿಂದ ಹೊರಗೆ ಚಿಮ್ಮೋ ಸಣ್ಣ ನೀರಿನ ಧಾರೆ. ಸ್ಟಾರ್ಟ್ ಮಾಡಿದ ಕೂಡಲೇ ನಾನು ನೋಡೋದು ಅದನ್ನೇ. ಧಾರೆ ಸೊರಗಿದರೆ ತಕ್ಷಣ ಆಫ್ ಮಾಡಿ, ಜಾಲರಿಗೆ ಕೆಸರೋ ಪ್ಲಾಸ್ಟಿಕ್ಕೋ ಕಟ್ಟಿದೆಯಾ ನೋಡಿ. ಮರಳು ಬೆರೆತ ನೀರಲ್ಲಿ ಇಂಪೆಲ್ಲರ್ ಬೇಗ ಸವೆಯುತ್ತೆ.

ಇನ್ನು ಉಪ್ಪು. ಉಪ್ಪು ನೀರಲ್ಲಿ ಬೇರೆ ಬೇರೆ ಲೋಹ ಒಟ್ಟಿಗಿದ್ದರೆ ಬ್ಯಾಟರಿ ಥರ ಆಗಿ, ಒಂದು ಕರಗ್ತಾ ಹೋಗುತ್ತೆ. ಅದಕ್ಕೇ ಇಂಜಿನ್ನಿಗೆ ಆನೋಡ್ ಅಂತ ಸತುವಿನ ತುಂಡು ಕೂರಿಸಿರ್ತಾರೆ. ಅದು ತಾನು ಕರಗಿ ಉಳಿದದ್ದನ್ನ ಕಾಪಾಡುತ್ತೆ. ಅದರ ಮೇಲೆ ಪೇಂಟ್ ಬಳಿಯಬೇಡಿ. ಅರ್ಧ ಕರಗಿದ್ದರೆ ಬದಲಾಯಿಸಿ.

ಹೊರಡೋದು ಯಾವಾಗ? ಉಬ್ಬರ ಏರ್ತಿರುವಾಗ. ಆಗ ದೋಣಿ ಮರಳದಿಬ್ಬಕ್ಕೆ ತಾಗಿದರೂ ಏರೋ ನೀರೇ ಎತ್ತಿಬಿಡುತ್ತೆ. ಇಳಿತದಲ್ಲಿ ಸಿಕ್ಕಿಕೊಂಡರೆ ಗಂಟೆಗಟ್ಟಲೆ ಕಾಯಬೇಕು, ಯಾಕಂದ್ರೆ ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಲ್ಲಿ ನೀರು ಇನ್ನೂ ಕೆಳಗಿಳಿಯುತ್ತೆ. ಆಳ ಕಡಿಮೆ ಇದ್ದ ಕಡೆ ವೇಗ ತಗ್ಗಿಸಿ, ಇಂಜಿನ್ ಸ್ವಲ್ಪ ಮೇಲೆತ್ತಿ. ಆದರೆ ಜಾಲರಿ ನೀರೊಳಗೇ ಇರಲಿ.

ದೋಣಿಯಲ್ಲಿ ಏನೇನಿರಬೇಕು? ಎಲ್ಲರ ಮೈಮೇಲೆ ಲೈಫ್ ಜಾಕೆಟ್. ಲಂಗರು, ಜೊತೆಗೆ ಆಳದ 5ರಿಂದ 7 ಪಟ್ಟು ಉದ್ದದ ಹಗ್ಗ. ಹುಟ್ಟು, ಬಿದಿರ ಗಳ. ಇಂಧನದಲ್ಲಿ ಮೂರನೇ ಒಂದು ಪಾಲು ಹೋಗೋಕೆ, ಒಂದು ಪಾಲು ಬರೋಕೆ, ಒಂದು ಪಾಲು ಆಪತ್ತಿಗೆ. ಕಿಲ್ ಸ್ವಿಚ್ಚಿನ ದಾರ ಓಡಿಸೋರ ಕೈಗೋ ಜಾಕೆಟ್ಟಿಗೋ ಸಿಕ್ಕಿಸಿರಬೇಕು. ಅವರು ನೀರಿಗೆ ಬಿದ್ದರೆ ಇಂಜಿನ್ ತಾನೇ ನಿಲ್ಲುತ್ತೆ. ಆಗ ದೋಣಿ ಅವರ ಮೇಲೇ ತಿರುಗಿ ಬರಲ್ಲ.

ವಾಪಸ್ ಬಂದಮೇಲೆ ಸುಸ್ತಾಗಿದೆ ಅಂತ ಹಾಗೇ ಬಿಡಬೇಡಿ. ಸಿಹಿನೀರಿನ ಪೈಪ್ ಹಚ್ಚಿ, ಕಂಪನಿಯ ಕೈಪಿಡಿಯಲ್ಲಿ ಹೇಳಿದ ಹಾಗೆ 10 ನಿಮಿಷ ಇಂಜಿನ್ ಒಳಗೆ ನೀರು ಹಾಯಿಸಿ. ಒಳಗೇ ಒಣಗಿದ ಉಪ್ಪು ನೀರಿನ ದಾರಿ ಕಟ್ಟಿಬಿಡುತ್ತೆ.